ಬಾಡಿಸಿದ ಎಲೆ

ಕಾಕುವಿನ ಬಲಗೈ ಹೆಬ್ಬೆರಳ ಉಗುರಿನ ಸಂದಿ ಸದಾ ಹಸಿರಾಗಿರುತ್ತಿತ್ತು. ದೊಡ್ಡಪತ್ರೆಗೆ ಕತ್ತರಿ ತಾಗಿಸುತ್ತಿರಲಿಲ್ಲ, ಉಗುರಿನಲ್ಲೇ ಚಿವುಟುತ್ತಿದ್ದರು. ಈ ಪರದೇಶದ ವಿಟ್ಬಿ ಊರಿನಲ್ಲಿ ನಮ್ಮ ಗೋಡೆಗೆ ಅಂಟಿದ ಮನೆ ಅವರದು. ಮೂಲ ಧಾರವಾಡ, ಅಲ್ಲಿಯ ರೂಢಿಯಂತೆ ನಮಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಅಡುಗೆಮನೆಯ ಕಿಟಕಿಯ ಉದ್ದಕ್ಕೂ ಖಾಲಿ ಮೊಸರಿನ ಡಬ್ಬಿಗಳು, ಎಲ್ಲದರಲ್ಲೂ ಅದೇ ಗಿಡ. ಯಾರಾದರೂ ಕೆಮ್ಮಿದರೆ ಸಾಕು, ಎಲೆಯನ್ನು ತವೆಯ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಬಟ್ಟಲು ಹಿಡಿದು ಬರುತ್ತಿದ್ದರು.

"ಮೂಗ ಮುಚ್ಕೊಂಡು ಕುಡಿಯವಾ. ಎದಿಯಾಗಿನ ಹುಳಾ ಎಲ್ಲಾ ಸಾಯ್ತಾವ."

ಆ ಚಳಿಗಾಲ ನನಗೆ ಬಿಡದ ಕೆಮ್ಮು. ಕ್ಲಿನಿಕ್ಕಿಗೆ ಹೊರಟವಳನ್ನು "ಇನ್ನೊಂದ್ ನಾಕ್ ದಿನಾ ನೋಡು" ಎಂದು ಕಾಕು ತಡೆದರು. ನಾಲ್ಕು ದಿನ ವಾರಗಳಾದವು. ಅದೇ ಹೊತ್ತಿಗೆ ನನ್ನ ಮಗಳು ಕಾಲೇಜಿನ ಲ್ಯಾಬ್ ಪ್ರಾಜೆಕ್ಟಿಗೆ ದೊಡ್ಡಪತ್ರೆಯನ್ನೇ ಆರಿಸಿಕೊಂಡಳು. ಕಾಕು ಡಬ್ಬಿ ತುಂಬ ಎಲೆ ಕೊಟ್ಟರು. ಫಲಿತಾಂಶದ ದಿನ ಗಿರ್ಮಿಟ್ ಮಾಡಿ ತಮ್ಮ ಭಜನೆ ಗುಂಪಿನ ಹೆಂಗಸರನ್ನೂ ಕರೆದರು.

ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು. "ಆಂಟಿಆಕ್ಸಿಡೆಂಟ್ ಗುಡ್, ಕಾಕು. ಪರ್ಪಲ್ ಇದ್ದ ಟೆಸ್ಟ್ ಲಿಕ್ವಿಡ್ ರಸ ಹಾಕಿದ್ಮೇಲೆ ಯೆಲ್ಲೋ ಆಯ್ತು. ಬಟ್ ಬ್ಯಾಕ್ಟೀರಿಯಾ ಪ್ಲೇಟಲ್ಲಿ, ರಸದ ಸುತ್ತ ಕ್ಲಿಯರ್ ರಿಂಗ್ ಬರ್ಬೇಕಿತ್ತು. ಬಂದಿಲ್ಲ."

"ಅಂದ್ರ ಹುಳಾ ಸತ್ತಿಲ್ಲೇನ?"

"ನೋ."

"ಹಂಗಾದ್ರ ಇಷ್ಟ್ ದಿನಾ ನಮಗ ಬರೇ ಜೇನತುಪ್ಪಾ ಕುಡಿಸೀರಿ ಬಿಡ್ರಿ," ಎಂದರು ಒಬ್ಬರು. ಎಲ್ಲರೂ ನಕ್ಕರು. ಕಾಕುವೂ ನಕ್ಕರು, ಹಸಿರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು.

ಪ್ರಾಜೆಕ್ಟಿಗೆ ಕಾಕು ಕೊಟ್ಟದ್ದು ಹಸಿ ಎಲೆಯಲ್ಲ, ತವೆಯ ಮೇಲೆ ಬಾಡಿಸಿದ್ದು ಎಂದು ಆಮೇಲೆ ತಿಳಿಯಿತು. ಹಸಿಯದನ್ನು ಔಷಧಕ್ಕೆ ಕೊಟ್ಟು ಅವರಿಗೆ ರೂಢಿಯೇ ಇಲ್ಲ. ಬಿಸಿಗೆ ಎಲೆಯ ಎಣ್ಣೆ ಹಾರಿಹೋಗಿರಬಹುದು, ಹಸಿಯದು ಕೊಡಿ, ಮತ್ತೆ ನೋಡುತ್ತೇನೆ ಎಂದಳು ಮಗಳು. ಕಾಕು ಒಪ್ಪಲಿಲ್ಲ.

"ನಿಮ್ಮವ್ವಗ ನಾ ಕುಡಿಸಿದ್ದು ಬಾಡಿಸಿದ್ದಽ ಅಲ್ಲೇನವಾ?"

ಮರುದಿನ ಬೆಳಿಗ್ಗೆ ಕಾಕು ಕೋಟು ತೊಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಹೊಸ್ತಿಲು ದಾಟಲಿಲ್ಲ. "ಯಾವ ಮುಖಾ ಇಟ್ಕೊಂಡು ಬರ್ಲಿ. ನಡಿ, ಡಾಕ್ಟರ್ ಕಡೆ."

ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಇಷ್ಟು ತಡವೇಕೆ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ತಲೆ ತಗ್ಗಿಸಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು: "ಐ ಸ್ಟಾಪ್ ಹರ್. ಮೈ ಮಿಸ್ಟೇಕ್."

ಹೊರಗೆ ಬಂದ ಮೇಲೆ, "ನನ್ನ ಕಾಲೇನ್ ಮುರಿದಿತ್ತಾ ಕಾಕು? ನಾನೇ ಬರಬಹುದಿತ್ತು" ಎಂದೆ.

"ಸುಮ್ನ ಮಾತ್ರಿ ನುಂಗು."

ಆಮೇಲೆ ಭಜನೆಯ ಪ್ರತಿಯೊಬ್ಬರಿಗೂ ಅವರೇ ಫೋನು ಮಾಡಿ, ಕೆಮ್ಮಿಗೆ ಎಲೆ ನಂಬಿ ಕೂರಬೇಡಿ ಎಂದು ಹೇಳಿದರು. ಎಲೆ ಕೊಡುವುದನ್ನು ಮಾತ್ರ ಬಿಡಲಿಲ್ಲ. "ಇದು ಬಜಿಗೆ, ತಂಬುಳಿಗೆ. ಕೆಮ್ಮಿಗಲ್ಲ" ಎಂದು ಕೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡೇ ಕೊಡುತ್ತಿದ್ದರು.

ಹೋದ ವರ್ಷ ಕಾಕು ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದಾಗ ಅವರ ಹೆಬ್ಬೆರಳ ಉಗುರನ್ನು ಯಾರೋ ಉಜ್ಜಿ ಬೆಳ್ಳಗೆ ಮಾಡಿದ್ದರು. ಅವರು ಹಿಂದೆ ಕೊಟ್ಟಿದ್ದ ಗಿಡದ ಎಲೆಯನ್ನು ಆ ಬೆಳಿಗ್ಗೆ ಚಿವುಟಿದ್ದ ನನ್ನ ಉಗುರು ಹಸಿರಾಗಿತ್ತು. ಜನರೆದುರು ನಾಚಿ ಮುಷ್ಟಿ ಕಟ್ಟಿಕೊಂಡವಳು, ಬಿಚ್ಚಿ, ಆ ಕೈಯನ್ನು ಅವರ ಕೈಮೇಲಿಟ್ಟೆ.