ಡ್ರೈವರ್ ಸೀಟಿನಲ್ಲಿ ಇಳಿದ ಬಿಪಿ

ಎಪ್ಪತ್ತರ ದಶಕದಲ್ಲಿ ನಾನು ಹೊನ್ನಾಳಿಯ ಒಬ್ಬ ಡಾಕ್ಟರ ಹತ್ತಿರ ನರ್ಸ್ ಆಗಿದ್ದೆ. ನ್ಯಾಮತಿ ಬಸ್ಸಿನ ಡ್ರೈವರ್ ಬಸಣ್ಣ ಬಂದು ಕೂತರೆ ಸಾಕು, ಬಿಪಿ ಮಿಷನ್ನಿನ ಪಾದರಸ ಸರ್ರನೆ ಮೇಲೇರುತ್ತಿತ್ತು. ಈ ಸಲವೂ ಬಿಪಿ ಜಾಸ್ತಿ ಬಂದರೆ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇನೆ ಎಂದು ಬಸ್ಸಿನ ಮಾಲೀಕರು ಹೇಳಿ ಕಳಿಸಿದ್ದರು. ಪಾದರಸ ಮತ್ತೆ ಏರಿಯೇಬಿಟ್ಟಿತು.

"ಯಾಕ್ರೀ ಬಸಣ್ಣ, ಇಷ್ಟು ಹೆದರ್ತೀರಿ?" ಎಂದೆ.

"ಸಿಸ್ಟರೇ, ಈ ಫಿನಾಯಿಲ್ ವಾಸನೆ ಬಡಿದ್ರೆ ನಮ್ಮವ್ವನ ನೆಪ್ಪಾಗ್ತೈತ್ರೀ. ಆಸ್ಪತ್ರೆಗೆ ನಡೆಸ್ಕೊಂಡು ಹೋಗಿದ್ದೆ, ವಾಪಸ್ ಹೊತ್ಕೊಂಡು ಬಂದೆ. ನೀವು ಪಟ್ಟಿ ಸುತ್ತಾಕೆ ಕೈ ಹಿಡಿದ್ರೆ ಎದೆ ಡವಡವ ಅಂತೈತೆ."

ಇದನ್ನು ಕೇಳಿಸಿಕೊಂಡ ಡಾಕ್ಟರು, "ಮಿಷನ್ ತಗೊಂಡು ಇವರ ಬಸ್ಸಿಗೇ ಹೋಗಿ ನೋಡಮ್ಮ" ಎಂದರು.

ಬಸಣ್ಣ ಸೀಟಿಗೆ ಹತ್ತಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಜಗಳ, ಟಾಪಿನ ಮೇಲೆ ಮೂಟೆ ಎಸೆಯುವ ಸದ್ದು. ಅವನು ಮಾತ್ರ ತನ್ನ ಮನೆ ಕಟ್ಟೆ ಮೇಲೆ ಕೂತವನಂತೆ ನಿರಾಳವಾಗಿದ್ದ. ಪಟ್ಟಿ ಸುತ್ತಿ ನೋಡಿದೆ, ಬಿಪಿ ಸರಿಯಾಗಿತ್ತು. ನನಗೇ ನಂಬಿಕೆ ಬರಲಿಲ್ಲ.

"ಅಲ್ಲೇ ಕುಂತ್ಕೊಳ್ರೀ ಸಿಸ್ಟರೇ, ನ್ಯಾಮತಿ ಮುಟ್ಟಿದ ಮೇಲೂ ಒಂದ್ಸಲ ನೋಡ್ರಿ" ಎಂದು ಬಸ್ಸು ಬಿಟ್ಟೇಬಿಟ್ಟ.

ನ್ಯಾಮತಿಯಲ್ಲೂ ಅವನ ಬಿಪಿ ಅಷ್ಟೇ ಇತ್ತು, ಕೆಲಸವೂ ಉಳಿಯಿತು. ಆದರೆ ದಾರಿಯಲ್ಲಿ ಅವನು ಎರಡು ಭತ್ತದ ಗಾಡಿಗಳ ನಡುವೆ ಬಸ್ಸು ನುಗ್ಗಿಸಿದ ರೀತಿ ನೋಡಿದ ಮೇಲೆ, ಆ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿಕೊಳ್ಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.