ಮಡಿಯ ಅರ್ಥ ಹೇಳಿಕೊಟ್ಟ ದಿನ

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಆ ಇಂಗ್ಲಿಷ್ ಕ್ಲಾಸನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ತೊಂಬತ್ತರ ದಶಕದ ಶುರು. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದವಳು ನಾನು. ಇಂಗ್ಲಿಷ್ ಓದಲು ಬರುತ್ತಿತ್ತು, ಮಾತಾಡಲು ಮಾತ್ರ ಬಾಯಿಬಿಟ್ಟರೆ ಬಣ್ಣಗೇಡು. ಹಾಗಾಗಿ ವಾರಕ್ಕೆ ಎರಡು ದಿನ ಬೆಳಿಗ್ಗೆ, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಮಗು ರಚ್ಚೆ ಹಿಡಿದರೆ ಪಕ್ಕದಲ್ಲಿ ಕೂರುತ್ತಿದ್ದ ವಿಯೆಟ್ನಾಂ ಹೆಂಗಸು ತೊಡೆಯ ಮೇಲೆ ಹಾಕಿಕೊಂಡು ಸಮಾಧಾನ ಮಾಡುತ್ತಿದ್ದಳು. ಆಕೆಯಿಲ್ಲದಿದ್ದರೆ ಎರಡನೇ ವಾರವೇ ನಾನು ಕ್ಲಾಸು ಬಿಡುತ್ತಿದ್ದೆ. ಇಡೀ ಮೆಲ್ಬರ್ನಿನಲ್ಲಿ ನನಗಿದ್ದ ಗೆಳತಿ ಆಕೆಯೊಬ್ಬಳೇ.

ಒಂದು ದಿನ ಟೀಚರ್ ಬೋರ್ಡಿನ ಮೇಲೆ ಕ್ಲೀನ್, ನೀಟ್, ಪ್ಯೂರ್ ಎಂದು ಬರೆದರು. ಕ್ಲೀನ್ ಅಂದರೆ ಕೊಳೆ ಇಲ್ಲದ್ದು, ನೀಟ್ ಅಂದರೆ ಓರಣವಾಗಿರುವುದು, ಪ್ಯೂರ್ ಅಂದರೆ ಬೇರೇನೂ ಬೆರೆಯದ್ದು. ನಿಮ್ಮ ನಿಮ್ಮ ಭಾಷೆಯಲ್ಲಿ ಇಂಥ ಪದ ಇದೆಯೇ ಎಂದು ಕೇಳಿದರು. ನನಗೆ ಎಲ್ಲಿಲ್ಲದ ಜಂಬ ಬಂತು. ಎದ್ದು ನಿಂತು "ಮಡಿ" ಎಂದೆ. ಇದು ಆ ಮೂರಕ್ಕಿಂತಲೂ ಮೇಲು, ಊರಿನಿಂದ ಬಂದಿರುವ ನಮ್ಮತ್ತೆ ಸ್ನಾನ ಮಾಡಿ ಮಡಿಯುಟ್ಟರೆ ಪೂಜೆ, ಅಡಿಗೆ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ ಎಂದು ಹರಕು ಇಂಗ್ಲಿಷಿನಲ್ಲಿ ಕೊಚ್ಚಿಕೊಂಡೆ.

"ನಾನು ಮುಟ್ಟಿದ್ರೆ?" ಗೆಳತಿ ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಮತ್ತೆ ಸ್ನಾನ ಮಾಡ್ತಾರೆ," ಎಂದು ನಕ್ಕೆ. ನಗುವಂಥದ್ದು ಏನಿತ್ತೋ, ಥೂ.

ಆಕೆ ತೊಡೆಯ ಮೇಲಿದ್ದ ನನ್ನ ಮಗಳನ್ನು ನೋಡಿದಳು. "ಇವಳನ್ನ ದಿನಾ ಎತ್ಕೊಳ್ತೀನಲ್ಲ, ಇವಳಿಗೂ ಸ್ನಾನ ಮಾಡಿಸ್ತೀಯಾ?"

ಮಾಡಿಸುತ್ತಿದ್ದೆ. ಕ್ಲಾಸಿನಿಂದ ಹೋದ ಪ್ರತಿ ಸಲವೂ. "ಕಂಡಕಂಡದ್ದು ತಿನ್ನೋರು ಎತ್ಕೊಂಡಿರ್ತಾರೆ" ಎಂದು ಅತ್ತೆ ಮಗುವನ್ನು ಹಾಗೇ ಅಡಿಗೆಮನೆಗೆ ಬಿಡುತ್ತಿರಲಿಲ್ಲ. ನಾನು ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ಅತ್ತೆಯ ಮೇಲೆ ಹಾಕಿ ಜಾರಿಕೊಳ್ಳುವ ಹಾಗೂ ಇಲ್ಲ, ನೀರು ಹುಯ್ಯುತ್ತಿದ್ದ ಕೈ ನನ್ನದೇ.

"ನೋ, ನೋ, ನೆವರ್" ಎಂದೆ. ಸದಾ ತಡವರಿಸುತ್ತಿದ್ದ ಇಂಗ್ಲಿಷು ಆಗ ಮಾತ್ರ ಸಲೀಸಾಗಿ ಬಂತು. ಆಕೆ ನಂಬಿದಳು. ನಂಬಿ, ಮಗುವಿನ ಕೆನ್ನೆಗೆ ಮುತ್ತಿಟ್ಟಳು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, "ಮೊದ್ಲು ಅವಳನ್ನ ಬಚ್ಚಲಿಗೆ ಕರ್ಕೊಂಡು ಹೋಗು" ಎಂದರು. ಎದುರಾಡಲು ಕನ್ನಡದಲ್ಲಿ ನನಗೇನೂ ಪದಗಳ ಬರವಿರಲಿಲ್ಲ. ಆದರೂ ಮಗುವನ್ನು ಬಚ್ಚಲಿಗೆ ಒಯ್ದು, ಆ ಕೆನ್ನೆಗೂ ಸೋಪು ಹಚ್ಚಿ ತಿಕ್ಕಿದೆ.