ಕಾವಿನ ಪೆಟ್ಟಿಗೆಯ ಮೇಲಿನ ಸೇವಂತಿಗೆ

ಕಂಪ್ಲಿಯ ನಮ್ಮ ಮನೆಯಲ್ಲಿ ಆಗ ಕೋಳಿಮೊಟ್ಟೆಗೆ ಕಾವು ಕೊಡುವ ಸೀಮೆಎಣ್ಣೆ ದೀಪದ ಪೆಟ್ಟಿಗೆಯಿತ್ತು. ಒಳಗೆ ಬಿಸಿ ಹೆಚ್ಚಿದರೆ ತಗಡಿನ ಮುಚ್ಚಳವೊಂದು ತಾನೇ ಎದ್ದು ಅದನ್ನು ಹೊರಬಿಡಬೇಕು. ಆದರೆ ಬೆಳಿಗ್ಗೆ ಸರಿಮಾಡಿಸಿದ್ದು ಸಂಜೆಗೆ ಸುಮ್ಮಸುಮ್ಮನೆ ತೆರೆದುಕೊಂಡು, ಮೊದಲ ಸಲ ಇಟ್ಟ ಮೊಟ್ಟೆಗಳೆಲ್ಲ ತಣ್ಣಗಾಗಿ ಹಾಳಾದವು.

ರಿಪೇರಿಗೆ ನಮ್ಮ ಓಣಿಯ ಅಕ್ಕಿ ಗಿರಣಿಯ ಮೇಸ್ತ್ರಿ ಬರುತ್ತಿದ್ದರು. "ಇರ್ರಿ, ಕೇಳೂಣು" ಎಂದು ಪೆಟ್ಟಿಗೆಗೆ ಕಿವಿಯಾನಿಸಿ ಕಣ್ಣು ಮುಚ್ಚುವರು. ಮೊದಲು ಮುಚ್ಚಳದ ಮೇಲೊಂದು ಸೇವಂತಿಗೆಯಿಟ್ಟು, ಆಮೇಲೆ ತಿರುಪು ಬಿಗಿದು ಕೈಮುಗಿಯುವರು. ಸಂಜೆ ಮತ್ತೆ ಕರೆದರೆ, "ಮುಂಜಾನಿ ಛಲೋ ಇತ್ತಲ್ರೀ!" ಎಂದು ತಲೆ ಕೆರೆದುಕೊಳ್ಳುವರು.

ಒಂದು ಬೆಳಿಗ್ಗೆ ಅವರು ಕೈಮುಗಿದ ಮೇಲೆ, ಅಮ್ಮ ಪ್ರಸಾದವೆಂದು ಆ ಹೂವನ್ನೆತ್ತಿ ಮುಡಿದಳು. ಮುಚ್ಚಳ ಪಟಕ್ಕನೆ ಎದ್ದಿತು.

"ಸಂಜಿಗೆ ಹೂ ಒಣಗಿ ಹಗುರಾಗಿ ಮುಚ್ಚಳ ಏಳತೈತ್ರಿ, ಮೇಸ್ತ್ರಿ" ಎಂದರು ಅಪ್ಪ.

ಮೇಸ್ತ್ರಿ ಅಮ್ಮನ ತುರುಬನ್ನೊಮ್ಮೆ, ಮುಚ್ಚಳವನ್ನೊಮ್ಮೆ ನೋಡಿದರು. "ಪೂಜಿ ಮಾಡಿದ್ರ ಯಂತ್ರ ಕೆಡತೈತೇನ್ರಿ?" ಅಪ್ಪ ತಿರುಪುಳಿಯನ್ನು ಮತ್ತೆ ಅವರ ಕೈಗೆ ಕೊಟ್ಟರು.

ಹೂವಿಲ್ಲದೆ ತಿರುಪು ಬಿಗಿದ ಮೇಲೆ ಪೆಟ್ಟಿಗೆ ಕೆಡಲಿಲ್ಲ. ಹೊಸ ಮೊಟ್ಟೆಗಳೊಡೆದು ಮರಿಗಳು ಬಂದ ದಿನ ಮೇಸ್ತ್ರಿ ಸೇವಂತಿಗೆ ಹಿಡಿದೇ ಬಂದರು. ಎಲ್ಲಿಡುವುದೋ ತಿಳಿಯದೆ ನಿಂತರು. ಕೊನೆಗೆ ಪೆಟ್ಟಿಗೆಯ ಮುಂದೆ ನೆಲದ ಮೇಲಿಟ್ಟು ಕೈಮುಗಿದರು. ಆಮೇಲೆ ಮತ್ತೆ ಬಗ್ಗಿ, ಹೂವನ್ನು ಬೆರಳಿನಿಂದ ಇನ್ನೊಂದಿಷ್ಟು ದೂರ ಸರಿಸಿದರು.